ಹೇಮಾವತಿಗೆ ಹೋಗಿದ್ದೆ, ನಾಲೆಗಲ್ಲ

ನಮ್ಮ ತುಮಕೂರು ಕಡೆ ಹೇಮಾವತಿ ಅಂದರೆ ನೀರು. ನಾಲೆಗೆ ಬಿಟ್ಟರಾ, ನಮ್ಮ ಕೆರೆಗೆ ಬಂತಾ, ಯಾವ ತಾಲೂಕಿಗೆ ಎಷ್ಟು ಅಂತೆ? ಟೀ ಅಂಗಡಿಯಲ್ಲಿ ಕೂತರೆ ಇದೇ ಮಾತು. ಹಾಗಾಗಿ ತಿಪಟೂರಿನ ನಮ್ಮ ಭಾವನಿಗೆ ಫೋನ್ ಮಾಡಿ, "ಸಂಕ್ರಾಂತಿ ಕಳೆದ ಮೇಲೆ ಹೇಮಾವತಿಗೆ ಹೋಗಿ ಬರೋಣ ಬನ್ನಿ" ಅಂದಾಗ ಅವರು, "ಗೊರೂರು ಡ್ಯಾಮಿಗಾ? ಮಳೆಗಾಲದಲ್ಲಿ ಹೋದ್ರೆ ನೋಡೋಕ್ ಚೆನ್ನಾಗಿರುತ್ತೆ ಕಣಯ್ಯ" ಅಂದರು.

ನಾನು ಹೇಳಿದ್ದು ಹೊಳೆಯಲ್ಲ, ಊರು. ಶಿರಾದಿಂದ ಉತ್ತರಕ್ಕೆ ಹೋಗಿ ಗಡಿ ದಾಟಿದರೆ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ. ಅಲ್ಲಿ ಅಮರಾಪುರದ ಹತ್ತಿರ ಹೇಮಾವತಿ ಅಂತ ಒಂದು ಹಳ್ಳಿ. ಶಾಸನಗಳಲ್ಲಿ ಇದರ ಹೆಸರು ಹೆಂಜೇರು, ಪೆಂಜೇರು. ಸಾವಿರ ವರ್ಷದ ಹಿಂದೆ ಇದು ನೊಳಂಬರ ರಾಜಧಾನಿ. ನೊಳಂಬವಾಡಿ 32,000 ಅಂತ ಕರೆಸಿಕೊಂಡಿದ್ದ ನಾಡು ಅವರದು; ನಾಡಿನ ಹೆಸರಿಗೆ ಹೀಗೆ ಸಂಖ್ಯೆ ಸೇರಿಸೋದು ಆಗಿನ ರೂಢಿ. ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರದ ಬಹಳಷ್ಟು ಊರು ಅದರೊಳಗೇ ಇದ್ದವು.

ಇಷ್ಟು ಹೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮದು ನೊಣಬರ ಮನೆ, ಲಿಂಗಾಯತರಲ್ಲಿ ಒಂದು ಪಂಗಡ. ನೊಳಂಬ ಅನ್ನೋದೇ ಬಾಯಲ್ಲಿ ಸವೆದು ನೊಣಬ ಆಯಿತು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆ ನೊಳಂಬರು ಯಾರು, ಎಲ್ಲಿದ್ದರು ಅಂತ ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. "ಹಂಗಾದ್ರೆ ನಮ್ಮ ರಾಜರ ಊರು ಅನ್ನು. ಬೈಕಲ್ಲಿ ಹೋಗವ" ಅಂದರು. ಕೊಬ್ಬರಿ ವ್ಯಾಪಾರದ ಮನುಷ್ಯ. ಮೂರು ದಿನ ಮಂಡಿ ಬಿಟ್ಟು ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಮೊದಲ ದಿನ: ಅರಳಗುಪ್ಪೆ

ತುಮಕೂರಿನಿಂದ ಬಸ್ಸಿನಲ್ಲಿ ಕೆ.ಬಿ. ಕ್ರಾಸಿಗೆ, ಅಂದರೆ ಕಿಬ್ಬನಹಳ್ಳಿ ಕ್ರಾಸಿಗೆ, ಬಂದು ಇಳಿದೆ. ಭಾವ ಬೈಕ್ ಸಮೇತ ಕಾಯುತ್ತಿದ್ದರು. ಇಡ್ಲಿ ತಿಂದು ನೇರ ಅರಳಗುಪ್ಪೆಗೆ. ಹೇಮಾವತಿಗೆ ಹೋಗೋ ಮೊದಲು ಇದನ್ನು ನೋಡಬೇಕು ಅನ್ನೋದು ನನ್ನ ಹಟ. ನೊಳಂಬರ ಕೈ ಎಂಥದ್ದು ಅಂತ ನೋಡೋದಕ್ಕೆ ಗಡಿ ದಾಟಬೇಕಾಗಿಯೇ ಇಲ್ಲ, ನಮ್ಮ ತಿಪಟೂರು ತಾಲೂಕಿನಲ್ಲೇ ಇದೆ.

ದಾರಿಯ ಎರಡೂ ಬದಿ ತೆಂಗಿನ ತೋಟ. ಜನವರಿ ಬಿಸಿಲು, ನೆರಳಲ್ಲಿ ಚಳಿ. ಊರೊಳಗೆ ಎರಡು ಹಳೆಯ ಗುಡಿಗಳಿವೆ. ಒಂದು ಹೊಯ್ಸಳರ ಕಾಲದ ಚೆನ್ನಕೇಶವ, 13ನೇ ಶತಮಾನದ್ದು. ಹೊರಗೋಡೆ ತುಂಬ ಮೂರ್ತಿಗಳು, ಒಂದೊಂದರ ಮೈಮೇಲೂ ಸೇರುಗಟ್ಟಲೆ ಒಡವೆ. ಬಂದವರೆಲ್ಲ ಅಲ್ಲೇ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಇನ್ನೊಂದು ಕಲ್ಲೇಶ್ವರ. ಹೊರಗಿನಿಂದ ನೋಡಿದರೆ ಹಳ್ಳಿಯ ಸಾಧಾರಣ ಗುಡಿಯ ಹಾಗಿದೆ, ದಾಟಿ ಹೋದರೂ ಗೊತ್ತಾಗುವುದಿಲ್ಲ. ಇದು ಒಂಬತ್ತನೇ ಶತಮಾನದ ಕೊನೆಯ ಹೊತ್ತಿನದು, ಇನ್ನೊಂದಕ್ಕಿಂತ ಮುನ್ನೂರೈವತ್ತು ವರ್ಷ ಹಿರಿಯದು.

ಬಾಗಿಲಿಗೆ ಬೀಗ. ಎದುರು ಮನೆಯ ಅಮ್ಮ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. "ಪೂಜೆಯೋರು ತೋಟಕ್ಕೆ ಹೋದ್ರು, ಕರೆಸ್ತೀನಿ ಕೂತ್ಕಳಿ" ಅಂದು ಮೊಮ್ಮಗನನ್ನು ಸೈಕಲ್ಲಿನಲ್ಲಿ ಓಡಿಸಿದರು. ಇಂಥ ಗುಡಿಗಳಿಗೆ ಹೋಗುವವರು ಬೆಳಿಗ್ಗೆ ಪೂಜೆ ಹೊತ್ತಿಗೇ ಹೋಗೋದು ವಾಸಿ. ಇಲ್ಲದಿದ್ದರೆ ನಮ್ಮ ಹಾಗೆ ಅರ್ಧ ಗಂಟೆ ಅವರೆಕಾಯಿ ಬಿಡಿಸಿಕೊಡಬೇಕಾಗುತ್ತದೆ. ಬೆರಳೆಲ್ಲ ಸೊಗಡು.

ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಮೊಬೈಲ್ ಟಾರ್ಚನ್ನು ಮೇಲಕ್ಕೆ ಹಿಡಿದೆ.

ಮಂಟಪದ ಸೂರು ಒಂಬತ್ತು ಅಂಕಣ. ನಡುವೆ ಶಿವ ಕುಣಿಯುತ್ತಿದ್ದಾನೆ, ಪಕ್ಕದಲ್ಲಿ ವಾದ್ಯದವರು. ಸುತ್ತ ಎಂಟು ಅಂಕಣದಲ್ಲಿ ಎಂಟು ದಿಕ್ಕಿನ ಒಡೆಯರು ತಮ್ಮ ತಮ್ಮ ವಾಹನ ಏರಿ ಹೊರಟಿದ್ದಾರೆ. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿಯಿತು. ಭಾವ ಟವೆಲ್ ಹಾಸಿ ನೆಲದ ಮೇಲೆ ಅಂಗಾತ ಮಲಗಿಯೇಬಿಟ್ಟರು. ನಾನೂ ಪಕ್ಕದಲ್ಲಿ ಮಲಗಿದೆ. ಪೂಜಾರಪ್ಪ ನಕ್ಕು, "ಎಲ್ರೂ ಹಿಂಗೇ ಮಲಗೋದು" ಅಂದರು.

ಮಲಗಿ ನೋಡಿದ ಮೇಲೆ ಅದು ಕಲ್ಲು ಅನ್ನಿಸಲಿಲ್ಲ. ಟಾರ್ಚನ್ನು ನೇರ ಹಿಡಿದರೆ ಎಲ್ಲ ಚಪ್ಪಟೆ. ಓರೆಯಾಗಿ ಹಿಡಿದರೆ ಶಿವನ ಮೊಣಕಾಲು ಸೂರಿನಿಂದ ಕೆಳಗೆ ಚಾಚಿ ಬಂದ ಹಾಗೆ. ಮೈಮೇಲೆ ಒಡವೆ ಇದೆ, ಆದರೆ ಒಡವೆಯ ಕೆಳಗೆ ಮೈ ಇದೆ, ಬಿಗಿದ ತೊಡೆ ಇದೆ. ಹೊಯ್ಸಳರ ಮೂರ್ತಿಗಳನ್ನು ನೋಡಿದಾಗ ನನಗೆ ಅಕ್ಕಸಾಲಿ ನೆನಪಾಗುತ್ತಾನೆ. ಇಲ್ಲಿ ಹಾಗಲ್ಲ. ಇದನ್ನು ಕಡೆದವನು ಕುಣಿಯೋದನ್ನು ಹತ್ತಿರ ಕೂತು ನೋಡಿದವನು. ಬೇಲೂರು, ಹಳೇಬೀಡು ಇಷ್ಟಪಡುವವರು ಬೈದುಕೊಂಡರೂ ಚಿಂತೆಯಿಲ್ಲ.

"ಕೋಣದ ಮೇಲೆ ಯಮ, ಆನೆ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ..." ಅಂತ ಭಾವ ಎಣಿಸುತ್ತಾ ಹೋದರು. ಆರಕ್ಕೆ ಬಂದು ತಪ್ಪಿ, ಮತ್ತೆ ಮೊದಲಿಂದ.

ರಾತ್ರಿ ತಿಪಟೂರಿನಲ್ಲಿ ಅಕ್ಕನ ಮನೆ. ಮೈಯೆಲ್ಲ ಧೂಳು ಮಾಡಿಕೊಂಡು ಬಂದ ಇಬ್ಬರನ್ನೂ ನೋಡಿ, "ದೇವಸ್ಥಾನಕ್ಕೆ ಹೋಗಿದ್ರೋ, ಗದ್ದೆ ಉಳೋಕೆ ಹೋಗಿದ್ರೋ" ಅಂದಳು ಅಕ್ಕ.

ಎರಡನೇ ದಿನ: ಹುಳಿಯಾರು, ಬುಕ್ಕಾಪಟ್ಟಣ, ಶಿರಾ, ಗಡಿ

ಬೆಳಿಗ್ಗೆ ಆರೂವರೆಗೆ ಹೊರಟೆವು. ಮಂಜು ಹೇಗಿತ್ತೆಂದರೆ ಮುಂದೆ ಹೋಗುತ್ತಿದ್ದ ಲಾರಿ ಕಾಣದೆ ಅದರ ಹೊಗೆಯ ವಾಸನೆ ಮಾತ್ರ ಬರುತ್ತಿತ್ತು. ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿಗೆ ಬರುವಷ್ಟರಲ್ಲಿ ಬೆರಳು ಮರಗಟ್ಟಿತ್ತು. ಅಲ್ಲಿ ಕುಡಿದ ಟೀ ಬಗ್ಗೆಯೇ ಒಂದು ಪುಟ ಬರೆಯಬಹುದು, ಬಿಡಿ.

ಹುಳಿಯಾರು ದಾಟಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ತೆಂಗು ತೆಳುವಾಗಿ ಕುರುಚಲು ಕಾಡು, ಕಲ್ಲುಗುಡ್ಡ, ಜಾಲಿ. ಬುಕ್ಕಾಪಟ್ಟಣದ ಈ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮ ಅಂತ ಘೋಷಿಸಿದ್ದಾರೆ. ಚಿಂಕಾರ ಅಂದರೆ ಆಡಿನಷ್ಟೇ ಎತ್ತರದ, ತೆಳ್ಳಗಿನ ಜಿಂಕೆ. ರಾಜಸ್ಥಾನದ ಮರಳುಗಾಡಿನದು ಅಂತ ನಾನು ತಿಳಿದಿದ್ದೆ.

ಅದನ್ನು ನೋಡುವ ಯೋಗ ಇರಲಿಲ್ಲ, ಪಂಕ್ಚರ್ ಯೋಗ ಇತ್ತು. ಹಿಂದಿನ ಟೈರು. ಬೈಕ್ ತಳ್ಳಿಕೊಂಡು ಹೋಗುತ್ತಿದ್ದಾಗ ಒಬ್ಬ ಕುರಿಯವನು ಜೊತೆಯಾದ. ಕಂಬಳಿ ಹೆಗಲ ಮೇಲೆ, ಕೈಯಲ್ಲಿ ಮೊಬೈಲು.

"ಇಲ್ಲಿ ಚಿಂಕಾರ ಕಾಣ್ತವಾ?" ಕೇಳಿದೆ.

"ಏನ್ ಕಾರ?"

ಕೈಯಲ್ಲಿ ಎತ್ತರ ತೋರಿಸಿ, ಕೊಂಬು ತೋರಿಸಿ, ಹೇಗೋ ತಿಳಿಸಿದೆ.

"ಓ, ಸಣ್ಣ ಜಿಂಕೆನಾ? ಬೆಳಗಿನ ಜಾವ ಬತ್ತವೆ. ನಮ್ ಕುರಿ ಜೊತೆಗೇ ಮೇಯ್ತವೆ ಸ್ವಾಮಿ. ನಿಮ್ಮ ಬೈಕ್ ಸದ್ದು ಕೇಳಿದ್ರೆ ಇನ್ನೆಲ್ಲಿ ನಿಂತಾವು?"

ಈಗ ಸದ್ದೇ ಇಲ್ಲವಲ್ಲ ಅಂದರು ಭಾವ, ಬೈಕ್ ತಳ್ಳುತ್ತಾ, ಏದುಸಿರು ಬಿಡುತ್ತಾ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದಿದಾಗ ಮೂರು ಕಡೆ ಗುಳ್ಳೆ. ಮೂರೂ ಜಾಲಿ ಮುಳ್ಳು. ಅದರಲ್ಲಿ ಒಂದನ್ನು ಕಿತ್ತು ಭಾವನ ಕೈಗೆ ಕೊಟ್ಟು, "ಇಟ್ಕಳಿ, ಜ್ಞಾಪಕಕ್ಕೆ" ಅಂದ. ಈ ದಾರಿಯಲ್ಲಿ ಬೈಕಲ್ಲಿ ಬರುವವರು ಮಣ್ಣಿನ ಪಕ್ಕಕ್ಕೆ ಇಳಿಸದೆ ಡಾಂಬರಿನ ಮೇಲೇ ಇರಬೇಕು, ಎದುರಿಗೆ ಬಸ್ಸು ಬಂದರೂ ಎದೆಗುಂದಬಾರದು.

ಶಿರಾ ಸೇರಿದಾಗ ಮಧ್ಯಾಹ್ನ. ಇದೂ ಒಂದು ಕಾಲದ ರಾಜಧಾನಿಯೇ. ಮೊಗಲರ ಸುಬಾ, ಅಂದರೆ ಪ್ರಾಂತ್ಯದ ಆಡಳಿತ, ಇಲ್ಲಿ ಇತ್ತು. ಅದಕ್ಕೂ ಮೊದಲು ಬಿಜಾಪುರದವರ ಪರವಾಗಿ ಇಲ್ಲಿ ಆಳಿದ ಮಲಿಕ್ ರಿಹಾನನ 1651ರ ಗೋರಿ, 1696ರ ಜುಮ್ಮಾ ಮಸೀದಿ ಎರಡನ್ನೂ ಹೊರಗಿನಿಂದ ನೋಡಿ, ಹೊಟ್ಟೆ ಹಸಿದಿತ್ತು, ಊಟಕ್ಕೆ ನುಗ್ಗಿದೆವು. ಶಿರಾಕ್ಕೆ ಮೋಸ ಮಾಡಿದೆವು ಅಂತ ಈಗ ಅನ್ನಿಸುತ್ತಿದೆ. ಅದಕ್ಕೇ ಒಂದು ದಿನ ಬೇಕು.

ಶಿರಾ ಬಿಟ್ಟ ಮೇಲೆ ಶೇಂಗಾ ಹೊಲ, ಹುಣಸೆ ಮರ, ಒಣಗಿದ ಕೆರೆ. ಗಡಿ ಎಲ್ಲಿ ದಾಟಿದೆವೋ ಗೊತ್ತಾಗಲಿಲ್ಲ. ಮೊಬೈಲಿಗೆ ಮೆಸೇಜ್ ಬಂದಾಗಲೇ ಆಂಧ್ರ ಅಂತ ತಿಳಿದಿದ್ದು. ಆಮೇಲೆ ಮೈಲಿಗಲ್ಲೆಲ್ಲ ತೆಲುಗು. ಭಾವ ಬೈಕ್ ನಿಲ್ಲಿಸಿ ಒಂದು ಕಲ್ಲನ್ನು ದಿಟ್ಟಿಸಿ ನೋಡಿ, "ಇದರಲ್ಲೇನಿದೆ, ತಲೆಕಟ್ಟು ಸ್ವಲ್ಪ ಮೇಲಕ್ಕೆ ಎಳೆದವ್ರೆ ಅಷ್ಟೆ. ಹೇ-ಮಾ-ವ-ತಿ" ಅಂತ ಓದಿದರು. ಆ ಧೈರ್ಯದಲ್ಲಿ ಮುಂದಿನ ಬೋರ್ಡನ್ನೂ ಅವರೇ ಓದಿ, ಎಡಕ್ಕೆ ತಿರುಗಿಸಿ, ಯಾವುದೋ ಹಳ್ಳಿಯ ಶಾಲೆ ಮುಂದೆ ತಂದು ನಿಲ್ಲಿಸಿದರು. ಅಲ್ಲಿದ್ದ ಹುಡುಗರನ್ನು ನಾನು ಹರುಕು ತೆಲುಗಿನಲ್ಲಿ ದಾರಿ ಕೇಳಿದೆ. ಒಬ್ಬ ಶುದ್ಧ ಕನ್ನಡದಲ್ಲಿ, "ಅಣ್ಣಾ, ಬಂದ ದಾರೀಲೇ ವಾಪಸ್ ಹೋಗಿ" ಅಂದ.

ಹೀಗಾಗಿ ಹೇಮಾವತಿ ತಲುಪಿದಾಗ ಐದೂಕಾಲು. ಸಿದ್ದೇಶ್ವರನ ಗುಡಿ ತೆರೆದಿತ್ತು, ಶಿಲ್ಪಗಳನ್ನು ಇಟ್ಟಿರುವ ಮ್ಯೂಸಿಯಂಗೆ ಬೀಗ ಬಿದ್ದಿತ್ತು. ತಪ್ಪು ನಮ್ಮದೇ. "ಬೆಳಿಗ್ಗೆ ಬನ್ನಿ ಸಾರ್, ನಿಧಾನಕ್ಕೆ ನೋಡ್ಬಹುದು" ಅಂದರು ಅಲ್ಲಿದ್ದವರು.

ಗುಡಿಯೊಳಗೆ ಹೋದೆವು. ಸಾಮಾನ್ಯವಾಗಿ ಶಿವನ ಗುಡಿ ಅಂದರೆ ಲಿಂಗ ಅಲ್ವಾ? ಇಲ್ಲಿ ಹಾಗಲ್ಲ. ಮನುಷ್ಯ ರೂಪದ ಶಿವ, ಆಸನ ಹಾಕಿ ಕೂತಿದ್ದಾನೆ. ದೀಪದ ಬೆಳಕಲ್ಲಿ ಮೊದಲು ಕಾಣೋದು ಮುಖ. ಕೈ ಮುಗಿದು ನಿಂತ ಭಾವ ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ನನ್ನ ಹಿಂದೆ ನಿಂತಿದ್ದ ಹೆಂಗಸರು ಮಾತಾಡುತ್ತಿದ್ದದ್ದು ಕನ್ನಡ. ಹರಕೆ ತೀರಿಸಲು ಪಾವಗಡದ ಕಡೆಯಿಂದ ಬಂದಿದ್ದರಂತೆ. ಅವರ ಬಾಯಲ್ಲಿ ಅವನು ಹೆಂಜೇರು ಸಿದ್ದಪ್ಪ. ಮ್ಯಾಪಿನಲ್ಲಿ, ಬೋರ್ಡಿನಲ್ಲಿ ಎಲ್ಲೂ ಇಲ್ಲದ ಹೆಂಜೇರು ಅನ್ನುವ ಹೆಸರು ಹರಕೆ ಹೊತ್ತವರ ಬಾಯಲ್ಲಿ ಉಳಿದಿದೆ.

ರಾತ್ರಿ ಉಳಿದದ್ದು ಅಮರಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ, ಭಾವನಿಗೆ ತೆಂಗಿನಕಾಯಿ ಕೊಡುವ ಗೌಡರ ಮನೆಯಲ್ಲಿ. ಹೇಮಾವತಿಯಲ್ಲಿ ನಮಗೆ ಲಾಡ್ಜ್ ಯಾವುದೂ ಕಣ್ಣಿಗೆ ಬೀಳಲಿಲ್ಲ. ಪರಿಚಯದವರು ಇಲ್ಲದಿದ್ದರೆ ಮಡಕಶಿರಾಕ್ಕೋ ಶಿರಾಕ್ಕೋ ಹೋಗಿ ಮಲಗಬೇಕು. ಗೌಡರ ತಾಯಿ, ಎಂಬತ್ತು ದಾಟಿದ ಅಜ್ಜಿ, ಒಲೆ ಮುಂದೆಯೇ ಕೂತಿದ್ದರು. ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಎರಡನೇ ಮುದ್ದೆಗೆ ಬೇಡ ಅಂದರೆ, "ತುಮಕೂರಲ್ಲಿ ಒಂದೇ ಮುದ್ದೆ ತಿನ್ನಾದಾ?" ಅಂತ ಕೇಳಿದರು. ಊರ ಮರ್ಯಾದೆ ಪ್ರಶ್ನೆ, ಹಾಕಿಸಿಕೊಂಡೆ.

ಮೊಮ್ಮಗಳು ತೆಲುಗು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಮನೆಯಲ್ಲಿ ಯಾವ ಭಾಷೆ ಅಂತ ಅಜ್ಜಿಯನ್ನು ಕೇಳಿದೆ. "ಓದಾದು ತೆಲುಗು, ಬೈಯ್ಯಾದು ಕನ್ನಡ" ಅಂದರು.

ಮೂರನೇ ದಿನ: ಹೆಂಜೇರು

ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಅಲ್ಲಿದ್ದೆವು. ಮ್ಯೂಸಿಯಂ ಅಂದರೆ ಹಂಪಿಯ ಕಮಲಾಪುರದ ಹಾಗೆ ದೊಡ್ಡದು ಅಂತ ಯಾರೂ ಅಂದುಕೊಂಡು ಹೋಗಬಾರದು. ಸುತ್ತಮುತ್ತ ಸಿಕ್ಕಿದ ಮೂರ್ತಿ, ಕಂಬದ ತುಂಡು, ವೀರಗಲ್ಲುಗಳನ್ನು ತಂದು ಜೋಡಿಸಿದ್ದಾರೆ. ಹೊರಗೂ ಗೋಡೆಗೆ ಒರಗಿಸಿದ ಕಲ್ಲುಗಳು. ಒಳಗೆ ಫೋಟೋ ತೆಗೆಯಬಹುದಾ ಅಂತ ಕೇಳಿದೆ, ಬೇಡ ಅಂದರು. ಒಳ್ಳೆಯದೇ ಆಯಿತು, ಕಣ್ಣಲ್ಲಿ ನೋಡಿದೆ.

ಮೊದಲು ಗಮನ ಸೆಳೆಯೋದು ಕಲ್ಲಿನ ಬಣ್ಣ. ಕಪ್ಪು. ಅದನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದಾರೆ. ಮುರಿದ ಕಂಬದ ಒಂದು ತುಂಡು ಕಿಟಕಿಯ ಹತ್ತಿರ ಇತ್ತು. ಮುರಿದ ಕಡೆ ಬೂದು ಬಣ್ಣ, ಒರಟು, ನಮ್ಮೂರ ಬಂಡೆಯಂಥದ್ದೇ. ಉಳಿದ ಮೈ ಮಾತ್ರ ಎಣ್ಣೆ ಹಚ್ಚಿದ ಕಾವಲಿ. ಆ ಎರಡರ ನಡುವಿನ ಗೆರೆಯಲ್ಲೇ ಎಷ್ಟು ಜನರ ಎಷ್ಟು ತಿಂಗಳ ಕೆಲಸ ಇದೆಯೋ. ಭಾವ ಬಗ್ಗಿ ನೋಡಿ, "ಸಾಣೆ ಹಿಡಿದವ್ರಿಗೆ ಕೂಲಿ ಎಷ್ಟಿತ್ತೋ" ಅಂದರು. ವ್ಯಾಪಾರದವರಿಗೆ ಎಲ್ಲಿ ಹೋದರೂ ಅದೇ.

ನೊಳಂಬರ ವಂಶಾವಳಿ ನಮಗೆ ಗೊತ್ತಾಗಿದ್ದೂ ಈ ಊರಿನ ಒಂದು ಕಂಬದ ಶಾಸನದಿಂದಲೇ. ತ್ರಿನಯನ ಪಲ್ಲವನಿಂದ ಶುರುವಾಗಿ ಮಂಗಳ ನೊಳಂಬಾಧಿರಾಜ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪ ಅಂತ ಸಾಲಾಗಿ ಬರುತ್ತದೆ. ನಾನು ಹೆಸರು ಹೇಳುತ್ತಾ ಹೋದಂತೆ ಭಾವ ಬೆರಳು ಮಡಿಸುತ್ತಾ ಹೋದರು. ಸಿಂಹಪೋತ ಅಂದರೆ ಸಿಂಹದ ಮರಿ ಅಂದಾಗ ಅವರಿಗೆ ಬಹಳ ಹಿಡಿಸಿತು. ಮನೆಯಲ್ಲಿ ಮೊಮ್ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಅಕ್ಕ ಒಪ್ಪಲ್ಲ ಬಿಡಿ ಅಂದೆ.

ಇನ್ನೊಂದು ತಮಾಷೆ ಇದೆ. ಮೈಸೂರು ಸೀಮೆಯ ಶಾಸನಗಳನ್ನು ಹುಡುಕಿ ಅಚ್ಚು ಮಾಡಿಸಿದ ಬಿ.ಎಲ್. ರೈಸ್ ನೂರಿಪ್ಪತ್ತು ವರ್ಷದ ಹಿಂದೆ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ ಮಾಡಿದಾಗ, ಈ ಊರು ಮದ್ರಾಸ್ ಪ್ರಾಂತ್ಯದಲ್ಲಿದ್ದರೂ ಈ ಕಂಬವನ್ನು ಬಿಡಲಿಲ್ಲ. ಶಿರಾ ತಾಲೂಕಿನ 28ನೇ ಶಾಸನ ಅಂತ ಸೇರಿಸಿಬಿಟ್ಟರು. ಪುಸ್ತಕದಲ್ಲಿ ಮಾತ್ರ ಹೇಮಾವತಿ ಇವತ್ತಿಗೂ ನಮ್ಮ ಜಿಲ್ಲೆ.

ಅಲ್ಲಿಂದ ದೊಡ್ಡೇಶ್ವರನ ಗುಡಿಗೆ. ಹೆಸರಿಗೆ ತಕ್ಕ ಹಾಗೆ ದೊಡ್ಡ ಲಿಂಗ, ದೊಡ್ಡ ನಂದಿ. ನಂದಿಯ ಬೆನ್ನು ಸವರಿದರೆ ಸ್ಟೀಲ್ ಕೊಳಗ ಸವರಿದ ಹಾಗೆ ತಣ್ಣಗೆ, ನುಣ್ಣಗೆ. ಆದರೆ ನಾನು ಹೋಗಿದ್ದು ಇಲ್ಲಿನ ಕಿಟಕಿ ನೋಡೋದಕ್ಕೆ.

ಜಾಲಂಧ್ರ ಅಂತಾರೆ. ಗೋಡೆಗೆ ಕೂರಿಸಿದ ಒಂದೇ ಕಲ್ಲಿನ ಚಪ್ಪಡಿ. ಅದರಲ್ಲಿ ಬಳ್ಳಿ ಬಿಟ್ಟಿದ್ದಾರೆ. ಬಳ್ಳಿ ಸುತ್ತಿಕೊಂಡ ಕಡೆಯಲ್ಲೆಲ್ಲ ಪುಟ್ಟ ಪುಟ್ಟ ಆಕೃತಿಗಳು. ಬಳ್ಳಿಗೂ ಆಕೃತಿಗೂ ನಡುವಿನ ಕಲ್ಲನ್ನು ಪೂರ್ತಿ ಕೊರೆದು ತೆಗೆದಿದ್ದಾರೆ, ಆ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಶಿಲ್ಪ. ಒಳಗೆ ಹೋಗಿ ನೋಡಿದರೆ ಶಿಲ್ಪ ಕಪ್ಪಾಗಿ ಬೆಳಕೇ ಬಳ್ಳಿಯಾಗುತ್ತದೆ. ನಾನು ಎರಡು ಸಲ ಹೊರಗೆ ಹೋಗಿ ಒಳಗೆ ಬಂದೆ. ಒಂದು ಸಂದಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಕಿರುಬೆರಳು ತೂರದಷ್ಟು ಸಣ್ಣ ಸಂದಿ. ಅದರ ಒಳಮೈಗೂ ಉಳಿಯ ಗುರುತು ಇರದ ಹಾಗೆ ನುಣುಪು ಮಾಡಿದ್ದಾರೆ, ಯಾರೂ ಮುಟ್ಟಿ ನೋಡದ ಜಾಗಕ್ಕೂ.

ಹತ್ತು ಗಂಟೆಯ ಒಳಗೆ ಹೋದರೆ ಬೆಳಕು ಓರೆಯಾಗಿ ಬೀಳುತ್ತದೆ, ಚೆನ್ನಾಗಿ ಕಾಣುತ್ತದೆ. ಆಮೇಲೆ ಹಾಸುಗಲ್ಲು ಕಾದು ಕಾಲಿಡಲು ಆಗುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟಿದ್ದ ಭಾವ ನೆರಳಿಂದ ನೆರಳಿಗೆ ಜಿಗಿಯುತ್ತಿದ್ದರು.

ಮರದ ಕೆಳಗೆ ಕೂತು ನೀರು ಕುಡಿಯುವಾಗ ಭಾವ ಕೇಳಿದರು, "ಇಷ್ಟೇನಾ? ರಾಜಧಾನಿ ಅಂದ್ರೆ ಅರಮನೆ, ಕೋಟೆ ಏನಾದ್ರೂ ಇರಬೇಕಲ್ಲಪ್ಪ?"

ಇಲ್ಲ. ಹತ್ತನೇ ಶತಮಾನದಲ್ಲಿ ಗಂಗರ ಮಾರಸಿಂಹ ನೊಳಂಬರನ್ನು ಬಡಿದು 'ನೊಳಂಬಕುಲಾಂತಕ' ಅಂತ ಬಿರುದು ಹಾಕಿಕೊಂಡ. ಆಮೇಲೆ ಚೋಳರು ಬಂದರು. ಅವರು ಬರೀ ಗೆದ್ದು ಹೋಗಲಿಲ್ಲ, ಇಲ್ಲಿಯ ಕಂಬಗಳನ್ನು ಕಿತ್ತುಕೊಂಡು ಹೋದರು. ತಂಜಾವೂರಿನ ಹತ್ತಿರದ ತಿರುವೈಯಾರಿನ ದೇವಸ್ಥಾನದಲ್ಲಿ ಆ ನೊಳಂಬ ಕಂಬಗಳು ಇವತ್ತಿಗೂ ನಿಂತಿವೆ. ಬ್ರಿಟಿಷರ ಕಾಲದ ಮದ್ರಾಸ್ ಮ್ಯೂಸಿಯಂಗೂ ಹೇಮಾವತಿಯ ಮೂರ್ತಿಗಳು ಹೋದವು, ಈಗಲೂ ಚೆನ್ನೈನಲ್ಲಿವೆ. ಗೆದ್ದವರು ಚಿನ್ನ, ಆನೆ, ಕುದುರೆ ಹೊತ್ತುಕೊಂಡು ಹೋಗೋದು ಗೊತ್ತು. ಇಲ್ಲಿಂದ ಕಾವೇರಿ ತೀರದವರೆಗೆ ಕಲ್ಲಿನ ಕಂಬ ಸಾಗಿಸಬೇಕಾದರೆ ಅದು ಎಷ್ಟು ಕಣ್ಣು ಕುಕ್ಕಿರಬೇಡ!

ಭಾವ ಏನೂ ಹೇಳಲಿಲ್ಲ. ಜೇಬಿನಿಂದ ನಿನ್ನೆಯ ಜಾಲಿ ಮುಳ್ಳು ತೆಗೆದು ಹಲ್ಲಿನ ಸಂದಿಯ ಅವರೆ ಸಿಪ್ಪೆ ತೆಗೆಯುತ್ತಾ ಕೂತರು.

ವಾಪಸ್ ಬರುವಾಗ ಸ್ವಲ್ಪ ಸುತ್ತಿಕೊಂಡು ಕಗ್ಗಲಡು ನೋಡಿದೆವು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಊರಿದು. ಆಗಷ್ಟೇ ಬರೋದಕ್ಕೆ ಶುರುವಾಗಿದ್ದವು. ಒಂದು ಮರದ ಮೇಲೆ ಏಳೆಂಟು, ಉದ್ದ ಹಳದಿ ಕೊಕ್ಕು, ರೆಕ್ಕೆಯ ಹಿಂದೆ ಗುಲಾಬಿ ಬಣ್ಣ. ಕಡ್ಡಿ ಒಂದಕ್ಕಾಗಿ ಎರಡು ಜಗಳ ಆಡುತ್ತಿದ್ದವು.

ಶಿರಾ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿದರು. ಅಜ್ಜಿ ಕೊಟ್ಟಿದ್ದ ಕಡ್ಲೆಕಾಯಿ ಚೀಲವನ್ನು ಎರಡು ಪಾಲು ಮಾಡಿ ಒಂದನ್ನು ನನ್ನ ಬ್ಯಾಗಿಗೆ ಸುರಿದರು. ಬೈಕ್ ಸ್ಟಾರ್ಟ್ ಮಾಡಿ, ಮತ್ತೆ ಆಫ್ ಮಾಡಿದರು.

"ಆ ತಿರುವೈಯಾರು ಅಂದ್ಯಲ್ಲ, ಎಷ್ಟು ದೂರ ಆಗುತ್ತೆ?"

"ದೂರ ಭಾವ. ಬೈಕಲ್ಲಿ ಆಗಲ್ಲ, ರೈಲಲ್ಲೇ ಹೋಗಬೇಕು."

"ಯುಗಾದಿ ಕಳೀಲಿ, ಟಿಕೆಟ್ ನೋಡು" ಅಂದರು ಭಾವ. "ನಮ್ಮ ಸಾಮಾನು ಅಲ್ಲೈತೆ. ಹೆಂಗಿಟ್ಟವ್ರೆ ಅಂತ ಒಂದ್ಸಲ ನೋಡ್ಕಂಡು ಬರಬೇಕಲ್ವಾ?"